ಮೇಲ್ ಬಂದ ತಕ್ಷಣ ಫೋನ್ ಹೇಳಬೇಕು: ಯಾವ ಫ್ರೀ ಆ್ಯಪ್ ಹಾಕಿಕೊಳ್ಳಲಿ?

ಕೇಳಿದ್ದು:
ಸಕಲೇಶಪುರದ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ನಾಲ್ಕೇ ರೂಮು. ನಮ್ಮ ವೆಬ್‌ಸೈಟ್ ಹೆಸರಿನಲ್ಲೇ ಒಂದು ಮೇಲ್ ವಿಳಾಸ ಇದೆ, ರೂಮು ಬೇಕು ಅನ್ನುವವರು ಅದಕ್ಕೇ ಬರೆಯುತ್ತಾರೆ. ಮೇಲ್ ಬಂದು ಎಷ್ಟೋ ಹೊತ್ತಾದ ಮೇಲೆ ನನ್ನ ಫೋನಿಗೆ ಗೊತ್ತಾಗುತ್ತದೆ. ಹೋದ ಶನಿವಾರ ಆರು ಜನಕ್ಕೆ ರೂಮು ಕೇಳಿದ್ದರು. ನಾನು ನೋಡುವಷ್ಟರಲ್ಲಿ ಅವರು ಬೇರೆ ಕಡೆ ಬುಕ್ ಮಾಡಿ ಆಗಿತ್ತು. ಫೋನ್ ಆಂಡ್ರಾಯ್ಡ್. ದುಡ್ಡು ಕೊಡದೆ, ಬಂದ ತಕ್ಷಣ ತಿಳಿಸುವ ಆ್ಯಪ್ ಯಾವುದಿದೆ? ಬಳಸಿದವರು ಹೇಳಿ.

ಮೊದಲ ಉತ್ತರ:
ಸರ್, ಆ್ಯಪ್ ಹುಡುಕೋಕೆ ಮುಂಚೆ ನಿಮ್ಮ ಮೇಲ್ ಎಲ್ಲಿ ಇಳಿಯುತ್ತೆ ಅಂತ ನೋಡಿಕೊಳ್ಳಿ. ನಾನು ಕೆಲವು ವರ್ಷ ಹೋಸ್ಟಿಂಗ್ (ಜನರ ವೆಬ್‌ಸೈಟ್, ಮೇಲ್ ಇಟ್ಟುಕೊಳ್ಳುವ) ಕಂಪನಿಯ ಸಪೋರ್ಟ್‌ನಲ್ಲಿ ಕೂತವನು. ಬರುತ್ತಿದ್ದ ಕರೆಗಳಲ್ಲಿ ಅರ್ಧ ಇದೇ ಗೋಳು.

ಊರಿಂದ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದ್ದಾರೆ ಅಂದುಕೊಳ್ಳಿ. ಹದಿನೈದು ನಿಮಿಷಕ್ಕೊಮ್ಮೆ ಬಸ್ ಸ್ಟ್ಯಾಂಡಿಗೆ ಹೋಗಿ 'ಬಂತಾ' ಅಂತ ನೋಡಿ ಬರಬಹುದು. ಇಲ್ಲಾ, ಬಸ್ ಬಂದ ಕೂಡಲೇ ಕಂಡಕ್ಟರೇ ಫೋನ್ ಮಾಡಬಹುದು. ಎರಡನೆಯದು ಪುಶ್. ಆಂಡ್ರಾಯ್ಡ್‌ನ ಜಿಮೇಲ್ ಆ್ಯಪ್‌ನಲ್ಲಿ ಜಿಮೇಲ್ ವಿಳಾಸಕ್ಕೆ ಕಂಡಕ್ಟರ್ ಫೋನ್ ಬರುತ್ತೆ. ಅದೇ ಆ್ಯಪ್‌ಗೆ ನಿಮ್ಮಂಥ ಸ್ವಂತ ಹೆಸರಿನ ವಿಳಾಸ ಸೇರಿಸಿದರೆ ಅದು ಬಸ್ ಸ್ಟ್ಯಾಂಡಿಗೆ ಹೋಗಿ ಬರುವ ಲೆಕ್ಕ. ಸೆಟ್ಟಿಂಗ್ಸ್‌ನಲ್ಲಿ 'ಎಷ್ಟು ಹೊತ್ತಿಗೊಮ್ಮೆ ನೋಡಲಿ' ಅಂತ ಕೇಳುತ್ತಲ್ಲ, ಅಲ್ಲೇ ಗೊತ್ತಾಗುತ್ತೆ.

ಸರ್ವರ್‌ನಲ್ಲಿ, ಅಂದರೆ ಮೇಲ್ ಬಂದು ಕೂರುವ ಕಂಪ್ಯೂಟರ್‌ನಲ್ಲಿ, ಇರುವ ಮೇಲನ್ನು ಯಾವ ಆ್ಯಪ್‌ನಿಂದ ಬೇಕಾದರೂ ನೋಡುವ ದಾರಿಗೆ ಐಮ್ಯಾಪ್ ಅಂತಾರೆ. ನಿಮಗೆ ಬೇಕಾದ್ದು ಅದರಲ್ಲಿ ಐಡಲ್ ಅನ್ನೋದು ಗೊತ್ತಿರುವ ಆ್ಯಪ್. 1997ರಿಂದ ಇರುವ ಪದ್ಧತಿ ಇದು. ಫೋನು ಸರ್ವರ್‌ಗೆ 'ಏನಾದ್ರೂ ಬಂದ್ರೆ ಹೇಳಿ, ನಾನು ಲೈನ್‌ನಲ್ಲೇ ಇರ್ತೀನಿ' ಅನ್ನುತ್ತೆ. ಅರ್ಧ ಗಂಟೆ ಪಿಟ್ಟೆನ್ನದಿದ್ದರೆ ಸರ್ವರ್ ಲೈನ್ ಕಟ್ ಮಾಡಬಹುದು. ಅದಕ್ಕೇ 29 ನಿಮಿಷದೊಳಗೆ ಒಮ್ಮೆ 'ಇದ್ದೀನಿ' ಅನ್ನಬೇಕು ಅಂತ ಆ ನಿಯಮದಲ್ಲೇ ಬರೆದಿದ್ದಾರೆ.

ನಾನು ಬಳಸೋದು ಥಂಡರ್‌ಬರ್ಡ್. ಮೊದಲು ಕೆ-9 ಮೇಲ್ ಅಂತಿತ್ತಲ್ಲ, ಅದೇ ತಳಿ. 2022ರಲ್ಲಿ ಕೆ-9ನವರು ಕಂಪ್ಯೂಟರಿನ ಮೇಲ್ ಆ್ಯಪ್ ಆಗಿದ್ದ ಥಂಡರ್‌ಬರ್ಡ್ ಜೊತೆ ಸೇರಿದರು, 2024ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್‌ಗೆ ಥಂಡರ್‌ಬರ್ಡ್ ಹೆಸರಲ್ಲೇ ಬಂತು. ಫ್ರೀ, ಜಾಹೀರಾತು ಇಲ್ಲ. ಆದರೆ ಹಾಕಿದ ಕೂಡಲೇ ಎಲ್ಲಾ ಸರಿಹೋಗುತ್ತೆ ಅಂದುಕೊಳ್ಳಬೇಡಿ. ಫೋಲ್ಡರ್ ಪಟ್ಟಿಗೆ ಹೋಗಿ ಇನ್‌ಬಾಕ್ಸ್‌ಗೆ ಪುಶ್ ಆನ್ ಆಗಿದೆಯಾ ನೋಡಿ. ಇನ್‌ಬಾಕ್ಸ್ ಒಂದಕ್ಕೆ ಇದ್ದರೆ ಸಾಕು, ಎಲ್ಲಾ ಫೋಲ್ಡರ್‌ಗೂ ಆನ್ ಮಾಡಿ ಚಾರ್ಜು ತಿನ್ನಿಸಬೇಡಿ. ಹೊಸ ಫೋನುಗಳಲ್ಲಿ ಅಲಾರಂ ಹಾಕಲು ಅನುಮತಿ ಕೊಡಿ ಅಂತಲೂ ಕೇಳುತ್ತೆ. ಮೇಲ್ ಆ್ಯಪ್‌ಗೆ ಅಲಾರಂ ಯಾಕೆ ಅಂತ ನಾನೂ ಒಂದು ಸಲ ಬೇಡ ಅಂದಿದ್ದೆ. ಆಗ ಪುಶ್ಶೇ ಆಗಲಿಲ್ಲ! ಆ 'ಇದ್ದೀನಿ' ಅನ್ನೋಕೆ ಹೊತ್ತಿಗೆ ಸರಿಯಾಗಿ ಎದ್ದೇಳಬೇಕಲ್ಲ, ಅದಕ್ಕೆ.

ಎರಡನೆಯವರು:
ಮೇಲಿನವರು ಹೇಳಿದ್ದು ಸರಿ, ಆದರೆ ನಿಜವಾದ ಕಳ್ಳ ಬ್ಯಾಟರಿ ಸೆಟ್ಟಿಂಗ್. 2015ರ ಆಂಡ್ರಾಯ್ಡ್ 6ರಿಂದ ಫೋನು ಸುಮ್ನೆ ಮಲಗಿದ್ದರೆ ಆ್ಯಪ್‌ಗಳ ನೆಟ್ಟನ್ನೂ ಮಲಗಿಸುತ್ತೆ. ಜಿಮೇಲ್‌ನಂಥವು ಗೂಗಲ್‌ನದೇ ದಾರಿಯಲ್ಲಿ ಬಂದು ಎಬ್ಬಿಸುತ್ತವೆ. ಸ್ವಂತ ಲೈನ್ ಹಿಡಿದು ಕೂತ ಆ್ಯಪ್‌ಗೆ ಆ ಭಾಗ್ಯ ಇಲ್ಲ. ಅದರ ಮೇಲೆ ಕೆಲವು ಕಂಪನಿಯವರು ತಮ್ಮದೂ ಒಂದಿಷ್ಟು ಕಟ್ಟುನಿಟ್ಟು ಸೇರಿಸುತ್ತಾರೆ.

ನಮ್ಮ ಮಾವನವರಿಗೆ ಫೇರ್‌ಇಮೇಲ್ ಹಾಕಿಕೊಟ್ಟಿದ್ದೆ. ಅದೂ ಒಳ್ಳೆಯ ಆ್ಯಪ್, ಕೆಲವು ಸೌಲಭ್ಯಕ್ಕೆ ಮಾತ್ರ ದುಡ್ಡು, ಪುಶ್ ಫ್ರೀ. ಎರಡು ದಿನಕ್ಕೇ 'ನಿನ್ನ ಆ್ಯಪ್ ನಿದ್ದೆ ಹೊಡೀತಿದೆ ಕಣಯ್ಯಾ' ಅಂತ ಫೋನು. ಹೋಗಿ ನೋಡಿದರೆ ಅವರಿಗೊಂದು ಅಭ್ಯಾಸ. ಊಟ ಆದಮೇಲೆ ತಟ್ಟೆ ತೊಳೆದ ಹಾಗೆ, ಫೋನ್ ಕೆಳಗಿಡುವ ಮುಂಚೆ ತೆರೆದಿದ್ದ ಆ್ಯಪ್‌ಗಳನ್ನೆಲ್ಲ ಬೆರಳಲ್ಲಿ ಮೇಲೆ ತಳ್ಳಿ ಸಾಫ್ ಮಾಡುವುದು! ಅವರ ಫೋನಿನಲ್ಲಿ ಹಾಗೆ ತಳ್ಳಿದರೆ ಆ್ಯಪ್ ಪೂರ್ತಿ ಸತ್ತೇ ಹೋಗುತ್ತಿತ್ತು. ಆ್ಯಪ್‌ನ ಬ್ಯಾಟರಿ ಪುಟಕ್ಕೆ ಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಮಾಡಿ, ಆಟೋಸ್ಟಾರ್ಟ್ ಆನ್ ಮಾಡಿ, ತೆರೆದ ಆ್ಯಪ್‌ಗಳ ಪಟ್ಟಿಯಲ್ಲಿ ಅದಕ್ಕೆ ಬೀಗದ ಗುರುತು ಒತ್ತಿ ಬಂದೆ. ಅಭ್ಯಾಸ ಮಾತ್ರ ಬಿಡಿಸಲಾಗಲಿಲ್ಲ.

ಮೂರನೆಯವರು:
ಇಷ್ಟೆಲ್ಲಾ ಯಾಕೆ? ಹೋಸ್ಟಿಂಗ್ ಕಡೆಯಿಂದಲೇ ಎಲ್ಲವನ್ನೂ ಜಿಮೇಲ್‌ಗೆ ಫಾರ್ವರ್ಡ್ ಮಾಡಿಬಿಡಿ. ತಕ್ಷಣ ಬರುತ್ತೆ. ನಮ್ಮ ಅಂಗಡಿಯದು ಹೀಗೇ ನಡೀತಿದೆ.

ಮೊದಲ ಉತ್ತರ ಕೊಟ್ಟವರು:
ನಡೆಯುತ್ತೆ, ಆದರೆ ಸ್ಪ್ಯಾಮ್ ಫೋಲ್ಡರ್ ಮೇಲೆ ಒಂದು ಕಣ್ಣಿರಲಿ. ಫಾರ್ವರ್ಡ್ ಆದ ಮೇಲ್ ಬೇರೊಬ್ಬರ ಹೆಸರಲ್ಲಿ ನಿಮ್ಮ ಸರ್ವರ್ ಕಳಿಸಿದ ಹಾಗೆ ಕಾಣುತ್ತೆ. ಕೆಲವು ಅಲ್ಲೇ ಬೀಳುತ್ತವೆ. ರೂಮು ಕೇಳಿದ ಮೇಲ್ ಸ್ಪ್ಯಾಮ್‌ಗೆ ಬಿದ್ದರೆ ತಡವಾಗಿ ಬಂದಿದ್ದಕ್ಕಿಂತ ಕೆಟ್ಟದ್ದು ಅಲ್ವಾ?

ನಾಲ್ಕನೆಯವರು:
ಔಟ್‌ಲುಕ್ ಆ್ಯಪ್ ಯಾರೂ ಹೇಳಲಿಲ್ಲ. ಫ್ರೀ, ಹಾಕೋದು ಸುಲಭ. ಒಂದು ಮಾತು ತಿಳಿದಿರಲಿ: ನಿಮ್ಮ ಮೇಲ್ ಮೈಕ್ರೋಸಾಫ್ಟ್ ಕ್ಲೌಡ್ ಮೂಲಕ ಹಾದು ಬರುತ್ತೆ. ನನಗೆ ಅದು ಸರಿಬರಲಿಲ್ಲ, ನಿಮಗೆ ಬರಬಹುದು. ಜೋಹೋ ಅನ್ನೋ ಮೇಲ್ ಸೇವೆಯ ಫ್ರೀ ಪ್ಲಾನ್‌ನಲ್ಲಿ ಸ್ವಂತ ಹೆಸರಿನ ವಿಳಾಸ ಇಟ್ಟುಕೊಂಡವರು ಜೋಹೋ ಆ್ಯಪ್ಪನ್ನೇ ಬಳಸಬೇಕು, ಅದರಲ್ಲಿ ಐಮ್ಯಾಪ್ ಕೊಡುವುದಿಲ್ಲ. ಮನೆಯಲ್ಲಿ ಯಾರದ್ದಾದರೂ ಐಫೋನ್ ಇದ್ದರೆ ಅದರದ್ದೇ ಮೇಲ್ ಆ್ಯಪ್ ಐಕ್ಲೌಡ್‌ಗೆ ಪುಶ್ ಮಾಡುತ್ತೆ, ಜಿಮೇಲ್‌ಗೆ ಇಲ್ಲ. ಜಿಮೇಲ್ ಬೇಕಾದರೆ ಜಿಮೇಲ್ ಆ್ಯಪ್ಪೇ ಹಾಕಬೇಕು.

ನೋಕಿಯಾ ಇ63 ಇಟ್ಟುಕೊಂಡು ಜಿಪಿಆರ್‌ಎಸ್ ಅನ್ನೋ ಹಳೆಯ ನಿಧಾನದ ನೆಟ್‌ನಲ್ಲಿ ಮೇಲ್ ತೆಗೆದವನು ನಾನು. ಕೆಬಿ ಲೆಕ್ಕದಲ್ಲಿ ದುಡ್ಡು ಹೋಗ್ತಿತ್ತು. ಪುಶ್ ಅಂದರೆ ಆಗ ಬ್ಲ್ಯಾಕ್‌ಬೆರಿ ಇದ್ದವರ ದೌಲತ್ತು.

ಮೊದಲ ಉತ್ತರ ಕೊಟ್ಟವರು:
ಯಾವುದನ್ನೇ ಹಾಕಿ, ಪರೀಕ್ಷೆ ಮಾತ್ರ ಹೀಗೆ ಮಾಡಿ. ಚಾರ್ಜರ್ ತೆಗೆದು ಫೋನನ್ನು ಮೇಜಿನ ಮೇಲೆ ಮಕಾಡೆ ಮಲಗಿಸಿ. ಎರಡು ಗಂಟೆ ಮುಟ್ಟಬೇಡಿ. ಆಮೇಲೆ ಬೇರೆಯವರ ಫೋನಿಂದ ಒಂದು ಮೇಲ್ ಕಳಿಸಿ, ಗಡಿಯಾರ ನೋಡಿ. ಕೈಯಲ್ಲಿ ಹಿಡಿದುಕೊಂಡು ನೋಡಿದರೆ ಎಲ್ಲಾ ಆ್ಯಪ್ಪೂ ಜಾಣವೇ.

ಕೇಳಿದವರು, ನಾಲ್ಕು ದಿನದ ಮೇಲೆ:
ಥಂಡರ್‌ಬರ್ಡ್ ಹಾಕಿದೆ. ಮೊದಲ ಸಲ ಮಲಗಿಸಿ ನೋಡಿದಾಗ 40 ನಿಮಿಷ ತಡ. ಬ್ಯಾಟರಿ ಪುಟ ಸರಿಮಾಡಿದೆ. ನಿನ್ನೆ ತಂಗಿ ಮಂಗಳೂರಿಂದ ಕಳಿಸಿದಳು, 'ಕಳಿಸಿದೆ' ಅಂತ ಅವಳು ಫೋನಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಬಂತು. ಚಾರ್ಜು ಮೊದಲಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತೆ, ಪರವಾಗಿಲ್ಲ. ಕರೆಂಟ್ ಹೋದರೆ ನಮ್ಮ ಕಡೆ ಟವರೂ ಹೋಗುತ್ತೆ, ಅದಕ್ಕೆ ಯಾವ ಆ್ಯಪ್ಪೂ ಇಲ್ಲ ಬಿಡಿ. ಒಂದೇ ಒಂದು ಕಿರಿಕಿರಿ: ಹೊಸ ಮೇಲ್‌ಗೆ ಕಾಯುತ್ತಿದ್ದೇನೆ ಅಂತ ಒಂದು ನೋಟಿಫಿಕೇಶನ್ ಯಾವಾಗಲೂ ಕೂತೇ ಇರುತ್ತೆ. ತೆಗೆಯಬಹುದಾ?

ಎರಡನೆಯವರು:
ಅದನ್ನೇ ಬೆರಳಲ್ಲಿ ಒತ್ತಿ ಹಿಡಿಯಿರಿ, ಆ ಒಂದು ಬಗೆಯನ್ನು ಮಾತ್ರ ಆಫ್ ಮಾಡಿ. ಹೊಸ ಮೇಲ್‌ನ ನೋಟಿಫಿಕೇಶನ್ ಬೇರೆ ಸಾಲಿನಲ್ಲಿದೆ, ಅದನ್ನು ಮುಟ್ಟಬೇಡಿ. ನಮ್ಮ ಮಾವನವರು ಎರಡನ್ನೂ ಆಫ್ ಮಾಡಿ ಮತ್ತೆ ನನಗೇ ಫೋನ್ ಮಾಡಿದ್ದರು.