ರಾಗಿ ಕೂಳೆಲಿ ಓಡಾಡೋ ಈ ಕಂದು ಹಕ್ಕಿ ಯಾವ್ದು?

ಕಡೂರು_ಹೊಲ:
ಎಲ್ರಿಗೂ ನಮಸ್ಕಾರ. ನಮ್ಮ ಹೊಲ ಕಡೂರು ಕಡೆ, ಬಾಸೂರು ಕಾವಲಿಗೆ ಹತ್ರ. ರಾಗಿ ಕೊಯ್ದು ಹದಿನೈದು ದಿನ ಆಯ್ತು, ಈಗ ಬೆಳಗ್ಗೆ ಹೋದ್ರೆ ಕೂಳೆ ಮಧ್ಯೆ ನಾಲ್ಕೈದು ಹಕ್ಕಿ ಓಡಾಡ್ತಿರ್ತವೆ, ಗುಬ್ಬಿಗಿಂತ ತೆಳ್ಳಗೆ, ಮೈಯೆಲ್ಲ ಮಣ್ಣಿನ ಬಣ್ಣ, ಎದೆ ಮೇಲೆ ಗೀರು ಗೀರು. ಗುಬ್ಬಿ ಥರ ಕುಪ್ಪಳಿಸಲ್ಲ, ದಡದಡ ಓಡಿ ಟಕ್ ಅಂತ ನಿಂತು ಬಾಲ ಆಡ್ಸುತ್ತೆ. ನಮ್ಮಪ್ಪ ನೆಲಗುಬ್ಬಿ ಅಂತಾರೆ. ಮೊಬೈಲಲ್ಲಿ ಫೋಟೋ ತೆಗೆದ್ರೆ ಬರೀ ಹೆಂಟೆ ಕಾಣುತ್ತೆ. ಗೊತ್ತಿರೋರು ಹೇಳಿ ಪ್ಲೀಸ್.

ಅರಸೀಕೆರೆ_ಬೈನಾಕ್ಯುಲರ್:
ಜೆರ್ಡನ್ಸ್ ಬುಷ್‌ಲಾರ್ಕ್ ಇರ್ಬೇಕು ಬ್ರದರ್, ನಮ್ಮ ಕಡೆ ಬೇಲಿ ಮೇಲೆ ತುಂಬಾ ಕೂರುತ್ತೆ.

ಹಾಸನ_ಹಕ್ಕಿ:
ಬಾಲ ಆಡ್ಸುತ್ತೆ ಅಂದ್ಮೇಲೆ ಪಿಪಿಟ್ ಅನ್ಸುತ್ತೆ, ಬಾಲ ಕುಣಿಸೋ ಕುಂಡೆಕುಸ್ಕ (ವ್ಯಾಗ್‌ಟೇಲ್) ಹಕ್ಕಿಯ ಕುಟುಂಬವೇ ಅದು. ಬುಷ್‌ಲಾರ್ಕ್ ದಪ್ಪ ಕೊಕ್ಕು, ಮೋಟು ಬಾಲ, ಹಾರುವಾಗ ರೆಕ್ಕೇಲಿ ಇಟ್ಟಿಗೆ ಬಣ್ಣ ಕಾಣುತ್ತೆ, ಬಾಲದಲ್ಲಿ ಬಿಳಿ ಇರಲ್ಲ. ಹಕ್ಕಿ ಪುಸ್ತಕದ ನೆಲಗುಬ್ಬಿ ಬೇರೆ, ಅದರ ಗಂಡಿಗೆ ಹೊಟ್ಟೆಯೆಲ್ಲ ಕಪ್ಪು. ಆದ್ರೆ ನೆಲದಲ್ಲಿ ಓಡಾಡೋ ಕಂದು ಹಕ್ಕಿಗೆಲ್ಲ ಹಳ್ಳೀಲಿ ಹಾಗೇ ಅಂತಾರೆ, ನಿಮ್ಮಪ್ಪ ತಪ್ಪಲ್ಲ. ಈಗ ಚಳಿಗಾಲ, ದೂರದ ಸೈಬೀರಿಯಾ, ಮಂಗೋಲಿಯಾ ಕಡೆಯಿಂದ ರಿಚರ್ಡ್ಸ್ ಪಿಪಿಟ್ ಕೂಡ ಬಂದಿರುತ್ತೆ, ಅದು ಸುಮಾರು 18 ಸೆಂ.ಮೀ., ಎದೆ ಸೆಟೆದು ನಿಲ್ಲುತ್ತೆ. ವರ್ಷಪೂರ್ತಿ ಇಲ್ಲೇ ಇರೋ ಪ್ಯಾಡಿಫೀಲ್ಡ್ ಪಿಪಿಟ್ 15 ಸೆಂ.ಮೀ. ಅಷ್ಟೇ. ಬಣ್ಣ ನೋಡ್ತಾ ಕೂತ್ರೆ ತಲೆ ಕೆಡುತ್ತೆ, ಎಬ್ಬಿಸಿದಾಗ ಹೇಗೆ ಕೂಗುತ್ತೆ ಕೇಳಿ.

ಕಡೂರು_ಹೊಲ:
ಇವತ್ತು ಏಳು ಗಂಟೆಗೆ ಹೋಗಿ ಬದು ಮೇಲೆ ಸುಮ್ನೆ ಕೂತಿದ್ದೆ. ಒಂದು ಹತ್ತು ಹೆಜ್ಜೆ ದೂರಕ್ಕೆ ಬಂತು, ಕೂಳೆ ಬುಡದಿಂದ ಯಾವ್ದೋ ಹುಳ ಎಳೆದು ನುಂಗ್ತು. ನಾನು ಎದ್ದ ತಕ್ಷಣ ಚಿಪ್ ಚಿಪ್ ಚಿಪ್ ಅಂತ ಮೆತ್ತಗೆ ಕೂಗ್ಕೊಂಡು ಹಾರ್ತು, ಬಾಲದ ಎರಡೂ ಅಂಚು ಬಿಳಿ, ಚೆನ್ನಾಗಿ ಕಾಣ್ತು!

ಹಾಸನ_ಹಕ್ಕಿ:
ಹಾಗಿದ್ರೆ ಪ್ಯಾಡಿಫೀಲ್ಡ್ ಪಿಪಿಟ್ಟೇ. ರಿಚರ್ಡ್ಸ್ ಆಗಿದ್ರೆ ಶ್ರೀಪ್ ಅಂತ ಒರಟಾಗಿ, ಜೋರಾಗಿ ಕೂಗ್ತಿತ್ತು. ಒಂದೇ ಒಂದು ರಿಕ್ವೆಸ್ಟ್, ಬದುವಿನ ಹುಲ್ಲಿಗೆ ಬೆಂಕಿ ಹಾಕ್ಬೇಡಿ, ಇದು ಗೂಡು ಕಟ್ಟೋದು ನೆಲದ ಮೇಲೇನೇ, ಹುಲ್ಲಿನ ಬುಡದಲ್ಲಿ.

ಅರಸೀಕೆರೆ_ಬೈನಾಕ್ಯುಲರ್:
ಒಪ್ಕೊಂಡೆ, ಬಾಲದ ವಿಷಯ ನಾನು ಗಮನಿಸಿರ್ಲಿಲ್ಲ. ನಾಳೆ ನಮ್ಮ ಹುರುಳಿ ಹೊಲದಲ್ಲೂ ನೋಡ್ತೀನಿ.

ಕಡೂರು_ಹೊಲ:
ತುಂಬಾ ಥ್ಯಾಂಕ್ಸ್ ಸರ್. ಅಪ್ಪಂಗೆ ಹೇಳ್ದೆ, ಕೆರೆ ಕಡೆ ಬದು ಈ ಸಲ ಸುಡಲ್ಲ ಅಂದ್ರು.