ಮೈಸೂರು: ಸಮ್ಮೇಳನಕ್ಕೆ ಬಂದ 120 ಜನರಿಗೆ ಅರ್ಧ ದಿನದಲ್ಲಿ ಏನು ತೋರಿಸಬೇಕು?

ಪ್ರಶ್ನೆ — ಗ್ರಂಥಪಾಲಕಿ

ನವೆಂಬರ್‌ನಲ್ಲಿ ಕಾಲೇಜು ಗ್ರಂಥಪಾಲಕರ ಸಮ್ಮೇಳನವೊಂದನ್ನು ಮೈಸೂರಿನಲ್ಲಿ ನಡೆಸುತ್ತಿದ್ದೇವೆ. ಗುರುವಾರ ಉದ್ಘಾಟನೆ, ಶನಿವಾರ ಮಧ್ಯಾಹ್ನದ ಊಟಕ್ಕೆ ಸಮಾರೋಪ. ಸಭಾಂಗಣ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿದೆ. ಅಸ್ಸಾಂ, ಗುಜರಾತ್, ಕೇರಳದಿಂದೆಲ್ಲ ಬರುತ್ತಿದ್ದಾರೆ. ಜೊತೆಗೆ ಬರುವ ಮನೆಯವರನ್ನೂ ಲೆಕ್ಕ ಹಿಡಿದರೆ 120 ಜನ ಆಗುತ್ತಾರೆ. ಶನಿವಾರ ಎರಡು ಗಂಟೆಯಿಂದ ‘ನಗರ ದರ್ಶನ’ ಎಂದು ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿಬಿಟ್ಟಿದೆ. ಅದರ ಹೊಣೆ ನನಗೆ ಅಂಟಿದೆ.

ಸಮಿತಿಯ ಹಿರಿಯರೊಬ್ಬರು ಕೊಟ್ಟ ಪಟ್ಟಿ ಹೀಗಿದೆ: ಅರಮನೆ, ಜಗನ್ಮೋಹನ ಅರಮನೆ, ಮೃಗಾಲಯ, ರೈಲು ವಸ್ತುಸಂಗ್ರಹಾಲಯ, ಸಂತ ಫಿಲೋಮಿನಾ ಚರ್ಚ್, ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ, ರಾತ್ರಿಗೆ ಬೃಂದಾವನ. ಮೂರು ಬಸ್ಸು, ಒಬ್ಬ ಗೈಡ್. ಇದು ಆಗುವ ಮಾತೇ? ಆಗದಿದ್ದರೆ ಯಾವುದನ್ನು ಕೈಬಿಡಬೇಕು? ಅನುಭವವಿರುವವರು ತಿಳಿಸಿ.

ಉತ್ತರ — ಹಳೆಯ ಗೈಡ್

ಅಮ್ಮಾ, ಆ ಪಟ್ಟಿಯನ್ನು ಮಡಚಿ ಚೀಲದಲ್ಲಿಡಿ. ಎಂಟು ಜಾಗ ನೋಡಿದ ಗುಂಪು ಕೊನೆಗೆ ನೆನಪಿಟ್ಟುಕೊಳ್ಳುವುದು ಬಸ್ಸಿನ ಕಿಟಕಿಯನ್ನು ಮಾತ್ರ. ನಾನು ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಇಟ್ಟುಕೊಂಡು ಬಹಳ ವರ್ಷ ಈ ಊರಿನಲ್ಲೇ ಕೆಲಸ ಮಾಡಿದವನು. ಸಮ್ಮೇಳನದವರನ್ನು ಮದುವೆ ದಿಬ್ಬಣದಂತೆ ಒಟ್ಟಿಗೆ ಹೊರಡಿಸುವುದೇ ಮೊದಲ ತಪ್ಪು.

ಸಮ್ಮೇಳನಕ್ಕೆ ಬಂದವರು ಪ್ರವಾಸಿಗರಲ್ಲ. ಎರಡೂವರೆ ದಿನ ಕುರ್ಚಿಯಲ್ಲಿ ಕೂತು ಭಾಷಣ ಕೇಳಿದವರು. ಅವರಿಗೆ ಕಾಲಾಡಿಸಬೇಕು, ಮಾತಾಡಬೇಕು, ಪ್ರಶ್ನೆ ಕೇಳಬೇಕು. ಅವರ ಪ್ರಶ್ನೆಗಳೂ ಬೇರೆ ಜಾತಿಯವು. ಒಮ್ಮೆ ಲೋಹಶಾಸ್ತ್ರದವರ ಗುಂಪೊಂದನ್ನು ಅರಮನೆಗೆ ಕರೆದೊಯ್ದಿದ್ದೆ. ದರ್ಬಾರ್ ಹಾಲ್ ಅವರಿಗೆ ಬೇಕಿರಲಿಲ್ಲ. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳ ಮುಂದೆ ನಿಂತವರು ಕದಲಲೇ ಇಲ್ಲ. ಅವು ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಸೆನ್ ಎರಕದ ಕಾರ್ಖಾನೆಯವು. ಹಡಗಿನಲ್ಲಿ ಹೇಗೆ ತಂದರು, ಇಲ್ಲಿ ಯಾರು ಜೋಡಿಸಿದರು ಎಂದು ನನ್ನನ್ನು ಹಿಂಡಿಬಿಟ್ಟರು. ಆದ್ದರಿಂದ ನಿಮ್ಮವರು ಯಾರು ಎಂಬುದರಿಂದ ಶುರು ಮಾಡಿ.

ನಿಮ್ಮವರು ಗ್ರಂಥಪಾಲಕರು. ಅವರನ್ನು ಮೈಸೂರಿಗೆ ಕರೆಸಿ ಪ್ರಾಚ್ಯವಿದ್ಯಾ ಸಂಶೋಧನಾಲಯ ತೋರಿಸದೆ ಕಳುಹಿಸಿದರೆ ನಾನಂತೂ ಕ್ಷಮಿಸುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಸಿಕ್ಕಿದ್ದು ಆ ಸಂಸ್ಥೆಯಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಕಟ್ಟದು, ತಮಿಳುನಾಡಿನಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿಯಲ್ಲಿತ್ತು. 1905ರಲ್ಲಿ ಅದು ಏನೆಂದು ಗುರುತಿಸಿದವರು ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲವನ್ನೇ ಪ್ರಕಟಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ನಿಮ್ಮ ಕಸುಬಿನವರೇ ಒಬ್ಬರು ಕಪಾಟಿನಿಂದ ಇಡೀ ಪ್ರಪಂಚಕ್ಕೆ ಒಂದು ಪುಸ್ತಕವನ್ನು ಎತ್ತಿಕೊಟ್ಟ ಜಾಗ. ಅಲ್ಲಿ ತಾಳೆಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ ಹುಳ ಹಿಡಿಯದಂತೆ ಕಾಯುತ್ತಾರೆ. ಇದನ್ನು ನೋಡಿದ ಗುಜರಾತಿನ ಗ್ರಂಥಪಾಲಕರಿಗೆ ಮೃಗಾಲಯದ ಜಿರಾಫೆ ಏಕೆ ಬೇಕು?

ಒಂದು ಎಚ್ಚರಿಕೆ. ಅದು ವಿಶ್ವವಿದ್ಯಾನಿಲಯದ ಕಚೇರಿ, ಟಿಕೆಟ್ ಕೊಟ್ಟು ನುಗ್ಗುವ ಜಾಗವಲ್ಲ. ನಿರ್ದೇಶಕರಿಗೆ ಮೊದಲೇ ಪತ್ರ ಬರೆಯಬೇಕು. ನಿಮ್ಮ ಶನಿವಾರ ತಿಂಗಳ ಎರಡನೆಯದೋ ನಾಲ್ಕನೆಯದೋ ಆಗಿದ್ದರೆ ಸರ್ಕಾರಿ ರಜೆ. ಕ್ಯಾಲೆಂಡರ್ ನೋಡಿ ಹೇಳಿ.

ಉತ್ತರ — ಬಸ್ ಬಾಡಿಗೆ

ಹಿರಿಯರ ಮಾತಿಗೆ ಗೌರವವಿದೆ. ಆದರೆ ಗುವಾಹಟಿಯಿಂದ ಎರಡು ರೈಲು ಬದಲಿಸಿ ಬಂದವರಿಗೆ ತಾಳೆಗರಿ ತೋರಿಸಿ ವಾಪಸ್ ಕಳುಹಿಸಿದರೆ ಊರಿಗೆ ಹೋಗಿ ಏನು ಹೇಳುತ್ತಾರೆ? ಮೈಸೂರಿಗೆ ಹೋಗಿಯೂ ಅರಮನೆ ನೋಡಲಿಲ್ಲ ಎಂದು ಮನೆಯವರೇ ಬೈಯುತ್ತಾರೆ. ನನ್ನ ಅನುಭವದಲ್ಲಿ ಅರಮನೆ ಮತ್ತು ಬೆಟ್ಟ ಇಲ್ಲದ ಕಾರ್ಯಕ್ರಮಕ್ಕೆ ಜನ ದುಡ್ಡು ಕೊಡುವುದಿಲ್ಲ. ಶ್ರೀರಂಗಪಟ್ಟಣ ಬಿಡಬಹುದು. ಬೃಂದಾವನವನ್ನೂ ಬಿಡಬಹುದು. ಉಳಿದದ್ದಕ್ಕೆ ಬಸ್ಸು ಬೇಗ ಓಡಿಸಿದರೆ ಆಗುತ್ತದೆ.

ಉತ್ತರ — ಜೊತೆಗೆ ಬಂದವಳು

ನನ್ನ ಪತಿ ವೈದ್ಯರು. ಅವರ ಸಮ್ಮೇಳನಗಳಿಗೆ ನಾನೂ ಹೋಗುತ್ತೇನೆ, ಹಾಗಾಗಿ ‘ಜೊತೆಗೆ ಬಂದವರ ಕಾರ್ಯಕ್ರಮ’ ಎಂಬುದನ್ನು ಹಲವು ಊರುಗಳಲ್ಲಿ ಅನುಭವಿಸಿದ್ದೇನೆ. ನಾನು ಇತಿಹಾಸ ಕಲಿಸಿದ ನಿವೃತ್ತ ಶಿಕ್ಷಕಿ. ಆದರೂ ಪ್ರತಿ ಸಲ ನನ್ನನ್ನು ಸೀರೆ ಅಂಗಡಿಗೆ ಕರೆದೊಯ್ಯುತ್ತಾರೆ. ಒಂದು ಊರಿನಲ್ಲಿ ವಸ್ತುಸಂಗ್ರಹಾಲಯಕ್ಕೆ ಇಪ್ಪತ್ತು ನಿಮಿಷ, ಗಂಧದ ಕೊರಡು ಮಾರುವ ಅಂಗಡಿಗೆ ಒಂದೂಮುಕ್ಕಾಲು ಗಂಟೆ. ಚಾಲಕನಿಗೆ ಕಮಿಷನ್ ಎಂಬುದು ಬಸ್ಸಿನಲ್ಲಿದ್ದ ಮಕ್ಕಳಿಗೂ ಗೊತ್ತಾಗಿತ್ತು. ದಯವಿಟ್ಟು ಹೀಗೆ ಮಾಡಬೇಡಿ. ಗ್ರಂಥಪಾಲಕರ ಪತಿ ಪತ್ನಿಯರಿಗೂ ತಲೆ ಇರುತ್ತದೆ.

ಇನ್ನೊಂದು ವಿಷಯ: ವಯಸ್ಸಾದವರು ಎಷ್ಟು ಜನ ಎಂದು ನೋಂದಣಿ ಅರ್ಜಿಯಲ್ಲೇ ಕೇಳಿ. ನನಗೆ ಮಂಡಿನೋವು. ಮೆಟ್ಟಿಲುಗಳಿವೆ ಎಂದು ಯಾರೂ ಮೊದಲೇ ಹೇಳುವುದಿಲ್ಲ.

ಉತ್ತರ — ಗ್ರಂಥಪಾಲಕಿ

ಕ್ಯಾಲೆಂಡರ್ ನೋಡಿದೆ. ನಮ್ಮದು ಮೂರನೆಯ ಶನಿವಾರ, ಬಚಾವಾದೆ. ಆದರೆ ಅರಮನೆ ಬಿಡುವುದಕ್ಕೆ ನನಗೂ ಧೈರ್ಯವಿಲ್ಲ ಸರ್. ಸಮಿತಿಯವರು ಒಪ್ಪುವುದಿಲ್ಲ. ಹಾಗೆಯೇ 120 ಜನರೂ ಸಂಶೋಧನಾಲಯದೊಳಗೆ ಹಿಡಿಸುತ್ತಾರೆಯೇ?

ಉತ್ತರ — ಹಳೆಯ ಗೈಡ್

ಹಿಡಿಸುವುದಿಲ್ಲ. ಹಿಡಿಸಲೂ ಬಾರದು. ಬಸ್ಸಿನವರ ಮಾತಿನಲ್ಲಿ ಅರ್ಧ ನಿಜವಿದೆ, ಅರಮನೆ ಬೇಕು ಎನ್ನುವವರಿಗೆ ಅರಮನೆ ಕೊಡಿ. ಎಲ್ಲರಿಗೂ ಕೊಡಬೇಡಿ. ನೋಂದಣಿ ಅರ್ಜಿಯಲ್ಲಿ ಮೂರು ದಾರಿಗಳನ್ನು ಬರೆದು, ಒಂದನ್ನು ಆರಿಸಿಕೊಳ್ಳಲು ಹೇಳಿ. ಪ್ರತಿ ದಾರಿಗೆ ಎರಡೇ ಜಾಗ. ಸುಮಾರು ಮೂವತ್ತು ಜನರಿಗೆ ಒಬ್ಬ ಪರವಾನಗಿ ಇರುವ ಗೈಡ್. ಒಬ್ಬನೇ ಗೈಡ್ 120 ಜನರ ಮುಂದೆ ಕೂಗುವುದನ್ನು ನಾನು ನೋಡಿದ್ದೇನೆ. ಹಿಂದಿನ ಸಾಲಿನವರು ಮೊಬೈಲ್ ನೋಡುತ್ತಾ ನಿಂತಿರುತ್ತಾರೆ.

ಮೊದಲನೆಯದು ಸಂಶೋಧನಾಲಯ ಮತ್ತು ನಿಮ್ಮ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯ. ಸಭಾಂಗಣದಿಂದ ನಡೆದೇ ಹೋಗಬಹುದು. ವಸ್ತುಸಂಗ್ರಹಾಲಯ ತೆರೆದಿರುವುದನ್ನು ವಿಶ್ವವಿದ್ಯಾನಿಲಯದಲ್ಲಿ ಲಿಖಿತವಾಗಿ ಖಚಿತಪಡಿಸಿಕೊಳ್ಳಿ, ಹಳೆಯ ಕಟ್ಟಡಕ್ಕೆ ಆಗಾಗ ದುರಸ್ತಿ ಇರುತ್ತದೆ. ಸಂಶೋಧನಾಲಯಕ್ಕೆ ಹದಿನೈದು ಹದಿನೈದು ಜನರಂತೆ ಒಳಗೆ ಬಿಡಿ. ಹೊರಗಿರುವವರಿಗೆ ಕಟ್ಟಡವನ್ನೇ ತೋರಿಸಿ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ತುಂಬಿದಾಗ, 1887ರಲ್ಲಿ ಅಡಿಗಲ್ಲು ಹಾಕಿದ ಜ್ಯೂಬಿಲಿ ಕಟ್ಟಡ ಅದು.

ಎರಡನೆಯದು ಅರಮನೆ ಮತ್ತು ಜಗನ್ಮೋಹನ ಅರಮನೆಯ ಚಿತ್ರಶಾಲೆ. ಶನಿವಾರ ಮಧ್ಯಾಹ್ನ ಅರಮನೆಯಲ್ಲಿ ಜನಸಾಗರ. ಒಳಗಿನ ದಾರಿ ಒಂದೇ ದಿಕ್ಕಿನದು, ಹಿಂದಿನವರು ತಳ್ಳುತ್ತಲೇ ಇರುತ್ತಾರೆ. ಆದ್ದರಿಂದ ಗೈಡ್ ಕಥೆಯನ್ನೆಲ್ಲ ಒಳಗೆ ಹೋಗುವ ಮೊದಲು ಅಂಗಳದಲ್ಲೇ ಹೇಳಿ ಮುಗಿಸಬೇಕು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ನಕ್ಷೆ ಹಾಕಿದ ಈ ಅರಮನೆ 1912ರಲ್ಲಿ ಮುಗಿಯಿತು, ಖರ್ಚು ನಲವತ್ತೊಂದು ಲಕ್ಷ ರೂಪಾಯಿ ದಾಟಿತು. ಇಷ್ಟು ಹೊರಗೆ. ಒಳಗೆ ಹೋದ ಮೇಲೆ ಕಲ್ಯಾಣ ಮಂಟಪದ ಗೋಡೆಗಳ ದಸರಾ ಮೆರವಣಿಗೆಯ ಚಿತ್ರಗಳ ಮುಂದೆ ಮಾತ್ರ ನಿಲ್ಲಿ. ಛಾಯಾಚಿತ್ರಗಳನ್ನು ಇಟ್ಟುಕೊಂಡು ಬರೆದ ಮುಖಗಳವು, ಒಬ್ಬೊಬ್ಬರೂ ಆ ಕಾಲದ ನಿಜವಾದ ಮನುಷ್ಯರು. ಚಿನ್ನದ ಸಿಂಹಾಸನ ಎಲ್ಲಿ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಜೋಡಿಸುವುದು ದಸರೆಗೆ ಮಾತ್ರ, ಮೊದಲೇ ಹೇಳಿಬಿಡಿ.

ಜಗನ್ಮೋಹನದಲ್ಲಿ ಗೈಡನ್ನು ಪರೀಕ್ಷಿಸಲು ಒಂದು ಉಪಾಯ ಹೇಳುತ್ತೇನೆ. ಕೈಯಲ್ಲಿ ದೀಪ ಹಿಡಿದು, ಬೆಳಕನ್ನು ಅಂಗೈಯಿಂದ ಮರೆಮಾಡಿದ ಹೆಣ್ಣಿನ ಚಿತ್ರದ ಮುಂದೆ ಅವನು ರವಿವರ್ಮನ ಹೆಸರು ಹೇಳಿದರೆ ಅವನ ಉಳಿದ ಮಾತನ್ನೂ ಅನುಮಾನದಿಂದ ಕೇಳಿ. ಅದು ಎಸ್. ಎಲ್. ಹಲ್ದಂಕರ್ ಅವರ ಜಲವರ್ಣ. ರೂಪದರ್ಶಿಯಾಗಿ ನಿಂತವಳು ಅವರ ಮಗಳು. ರವಿವರ್ಮನ ಚಿತ್ರಗಳೂ ಅಲ್ಲೇ ಇವೆ, ಅದಕ್ಕೇ ಈ ಗೊಂದಲ. ಒಬ್ಬರು ಹೇಳಿದ್ದನ್ನು ಮತ್ತೊಬ್ಬರು ಹೇಳಿ ಹೇಳಿ ಪ್ರವಾಸಿಗರ ಮನಸ್ಸಿನಲ್ಲಿ ಅದು ಕೂತುಬಿಟ್ಟಿದೆ. ನನಗೆ ಇದರ ಮೇಲೆ ಹಳೆಯ ಸಿಟ್ಟು, ಬಿಡಿ.

ಮೂರನೆಯದು ಪೇಟೆಯ ನಡಿಗೆ, ಬಸ್ಸೇ ಬೇಡ. ದೊಡ್ಡ ಗಡಿಯಾರದಿಂದ ಶುರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ್ದು. ಅದರ ಮುಖದ ಮೇಲೆ ಕನ್ನಡ ಅಂಕಿಗಳಿವೆ. ಹೊರ ರಾಜ್ಯದವರಿಗೆ ಗಂಟೆ ಎಷ್ಟೆಂದು ಓದಲು ಹೇಳಿ, ಐದು ನಿಮಿಷ ನಗು ಖಾತ್ರಿ. ಅಲ್ಲಿಂದ ಚಿಕ್ಕ ಗಡಿಯಾರ, ಪಕ್ಕದಲ್ಲೇ ದೇವರಾಜ ಮಾರುಕಟ್ಟೆ. ಹೂವು, ಕುಂಕುಮದ ರಾಶಿ, ಬಾಳೆಹಣ್ಣು ಎಲ್ಲ ಇದ್ದರೂ ಅದೊಂದು ಹಳೆಯ, ದಣಿದ ಕಟ್ಟಡ ಎಂಬುದನ್ನೂ ಹೇಳಬೇಕು. 2016ರಲ್ಲಿ ಅದರ ಒಂದು ಭಾಗ ಕುಸಿಯಿತು. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲೇ ಬಿದ್ದು ಜೀವಹಾನಿಯಾಗಿತ್ತು. ಕೆಡವಿ ಕಟ್ಟಬೇಕೋ ಉಳಿಸಿಕೊಳ್ಳಬೇಕೋ ಎಂಬ ಜಗಳ ಊರಿನಲ್ಲಿ ವರ್ಷಗಟ್ಟಲೆ ನಡೆಯಿತು. ಪಾರಂಪರಿಕ ನಗರ ಎಂಬ ಫಲಕದ ಕೆಳಗೆ ಇದನ್ನು ಮುಚ್ಚಿಡುವ ಗೈಡುಗಳು ನನಗೆ ಇಷ್ಟವಿಲ್ಲ.

ಬೆಟ್ಟಕ್ಕೆ ಹೋಗಲೇಬೇಕೆನ್ನುವ ಉತ್ಸಾಹಿಗಳಿಗೆ ಶುಕ್ರವಾರ ಬೆಳಗ್ಗೆ ಆರಕ್ಕೆ ಬುಡದಲ್ಲಿ ಸೇರಲು ಹೇಳಿ. ಸಾವಿರದಷ್ಟು ಮೆಟ್ಟಿಲು, ದಾರಿಯಲ್ಲಿ ದೊಡ್ಡದೇವರಾಜ ಒಡೆಯರ ಕಾಲದ ನಂದಿ. ಒಂಬತ್ತೂವರೆಗೆ ಸ್ನಾನ ಮುಗಿಸಿ ಗೋಷ್ಠಿಯಲ್ಲಿ ಕೂರಬಹುದು. ಹೋಗುವವರು ಎಷ್ಟೇ ಕೈ ಎತ್ತಲಿ, ಬರುವವರು ಅದರ ಕಾಲು ಭಾಗ.

ಅಂಗಡಿಯ ವಿಷಯದಲ್ಲಿ ಶಿಕ್ಷಕಿಯವರು ಹೇಳಿದ್ದು ಅಕ್ಷರಶಃ ಸತ್ಯ. ಬಸ್ಸಿನ ಒಪ್ಪಂದಪತ್ರದಲ್ಲೇ ‘ಪಟ್ಟಿಯಲ್ಲಿಲ್ಲದ ಯಾವ ಅಂಗಡಿಯ ಮುಂದೆಯೂ ನಿಲ್ಲಿಸತಕ್ಕದ್ದಲ್ಲ’ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ರೇಷ್ಮೆ ಬೇಕೆನ್ನುವವರಿಗೆ ಮಾನಂದವಾಡಿ ರಸ್ತೆಯ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಯ ವಿಳಾಸ ಕೊಡಿ, ಭಾನುವಾರ ರಜೆ ಎಂದೂ ಹೇಳಿ.

ಉತ್ತರ — ಬಸ್ ಬಾಡಿಗೆ

ಒಪ್ಪಂದಪತ್ರದ ಮಾತು ಸರಿ, ನಾವೂ ಹಾಕಿಕೊಡುತ್ತೇವೆ. ಎಲ್ಲ ಚಾಲಕರೂ ಹಾಗಿರುವುದಿಲ್ಲ. ಮೂರು ದಾರಿ ಎಂದರೆ ಎರಡೇ ಬಸ್ಸು ಸಾಕು, ಖರ್ಚೂ ಕಡಿಮೆ. ಹೇಳಬಾರದಿತ್ತು, ಹೇಳಿದ್ದೇನೆ.

ಉತ್ತರ — ಗ್ರಂಥಪಾಲಕಿ

ಸರ್, ಸಮಿತಿಯ ಮುಂದೆ ಮೂರು ದಾರಿಗಳನ್ನು ಇಟ್ಟೆ. ಹಿರಿಯರು ಮೃಗಾಲಯಕ್ಕಾಗಿ ಸ್ವಲ್ಪ ಹೊತ್ತು ಹಟ ಹಿಡಿದರು, ಆಮೇಲೆ ತಾವೇ ಸಂಶೋಧನಾಲಯದ ಗುಂಪಿಗೆ ಹೆಸರು ಕೊಟ್ಟರು. ಉಳಿದಿರುವುದು ಎರಡು ಪ್ರಶ್ನೆ. ರಾತ್ರಿ ಅರಮನೆಯ ದೀಪ ಶನಿವಾರ ಸಿಗುತ್ತದೆಯೇ? ಮತ್ತು ಎಲ್ಲರ ಹೆಗಲಲ್ಲೂ ಸಮ್ಮೇಳನದ ಚೀಲವಿರುತ್ತದೆ, ಏನು ಮಾಡಲಿ?

ಉತ್ತರ — ಹಳೆಯ ಗೈಡ್

ಪೂರ್ತಿ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಏಳಕ್ಕೆ, ಮುಕ್ಕಾಲು ಗಂಟೆಯಷ್ಟು. ಬೇರೆ ದಿನ ಧ್ವನಿ–ಬೆಳಕಿನ ಕಾರ್ಯಕ್ರಮ ಮುಗಿದ ಮೇಲೆ ಕೆಲವು ನಿಮಿಷ ಮಾತ್ರ ಹಚ್ಚುತ್ತಾರೆ. ಭಾನುವಾರ ಉಳಿಯುವವರಿಗೆ ಹೇಳಿ, ಶನಿವಾರದವರಿಗೆ ಆಸೆ ಹುಟ್ಟಿಸಬೇಡಿ.

ಚೀಲಗಳನ್ನು ಬಸ್ಸಿನಲ್ಲೇ ಬಿಡಿಸಿ. ಅರಮನೆಯಲ್ಲಿ ಚಪ್ಪಲಿ ಕಳಚಬೇಕು, ಕಾಲುಚೀಲ ಹಾಕಿಕೊಂಡು ಬರಲು ಹಿಂದಿನ ದಿನವೇ ತಿಳಿಸಿ, ಮಧ್ಯಾಹ್ನದ ಕಲ್ಲು ಸುಡುತ್ತದೆ. ಕೊರಳಿನ ಗುರುತುಪಟ್ಟಿಯನ್ನು ಮಾತ್ರ ಯಾರೂ ತೆಗೆಯಬಾರದು. ಅದರ ಹಿಂಬದಿಯಲ್ಲಿ ಬಸ್ಸಿನ ಸಂಖ್ಯೆ, ನಿಮ್ಮ ಸ್ವಯಂಸೇವಕರ ಮೊಬೈಲ್ ಸಂಖ್ಯೆ ಬರೆಸಿ. ಅರಮನೆಯ ಗುಂಪಿನಿಂದ ಇಬ್ಬರಾದರೂ ತಪ್ಪಿಸಿಕೊಳ್ಳುತ್ತಾರೆ, ಬಹುತೇಕ ಅವರು ನಿಮ್ಮ ಅಧ್ಯಕ್ಷರೇ ಆಗಿರುತ್ತಾರೆ.

ಸಂಶೋಧನಾಲಯಕ್ಕೆ ಪತ್ರ ಕಳುಹಿಸಿದಿರಾ?

ಉತ್ತರ — ಗ್ರಂಥಪಾಲಕಿ

ಸೋಮವಾರ ಕೈಯಲ್ಲೇ ಕೊಟ್ಟು ಬರುತ್ತೇನೆ ಸರ್.