ನನ್ನ ಬಾಹ್ಯಾಕಾಶ ನೌಕೆ ಆಟಿಕೆ ತರ ಕಾಣುತ್ತಿದೆ, ನೀವೆಲ್ಲ ಇದನ್ನು ದಾಟಿದ್ದು ಹೇಗೆ?

ಕೇಳಿದವರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ರಾತ್ರಿ ಊಟ ಆದ ಮೇಲೆ ಒಂದೆರಡು ಗಂಟೆ ಲ್ಯಾಪ್‌ಟಾಪಿನಲ್ಲಿ ಬ್ಲೆಂಡರ್ (3ಡಿ ಮಾದರಿ ಮಾಡುವ ತಂತ್ರಾಂಶ) ಮುಂದೆ ಕೂರುತ್ತೇನೆ. ಎಂಟು ತಿಂಗಳಿಂದ ಒಂದೇ ನೌಕೆ ಮಾಡುತ್ತಿದ್ದೇನೆ. ನನ್ನ ಮನಸ್ಸಿನಲ್ಲಿ ಅದು 300 ಮೀಟರ್ ಉದ್ದದ ಸರಕು ನೌಕೆ. ರೆಂಡರ್ ಮಾಡಿದರೆ, ಅಂದರೆ ಮಾದರಿಯಿಂದ ಚಿತ್ರ ತೆಗೆದರೆ, ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಆಟಿಕೆ ತರ ಬರುತ್ತದೆ. ಮೈತುಂಬ ಪೈಪು, ಡಬ್ಬಿ ಅಂಟಿಸಿದೆ, ಆದರೂ ಅಷ್ಟೇ. ಈಗ 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ತೆವಳುತ್ತಿದೆ. ಇಷ್ಟು ದಿನ ಯಾರಿಗೂ ತೋರಿಸಿರಲಿಲ್ಲ. ಮೊದಲ ಸಲ ಇಲ್ಲಿ ಚಿತ್ರ ಹಾಕಿದ್ದೇನೆ. ನಿಮ್ಮ ಅನುಭವ ಹೇಳಿ.

ಮೈಸೂರಿನಿಂದ

ಮೇಡಂ, ಚಿತ್ರ ಹಾಕಿದ್ದು ತುಂಬ ಒಳ್ಳೆಯದಾಯಿತು. ಮೂತಿಯ ಇಳಿಜಾರು ನನಗೆ ಬಹಳ ಹಿಡಿಸಿತು, ಅದನ್ನು ಮುಟ್ಟಬೇಡಿ. ತೊಂದರೆ ಇರುವುದು ಕಿಟಕಿಗಳಲ್ಲಿ.

ಲೆಕ್ಕ ಹಾಕಿ ನೋಡಿ. ಉದ್ದ 300 ಮೀಟರ್ ಅಂದರೆ, ನಿಮ್ಮ ಚಿತ್ರದ ಪ್ರಕಾರ ಎತ್ತರ ಸುಮಾರು 40 ಮೀಟರ್. ಪಕ್ಕದಲ್ಲಿ ಕಿಟಕಿ ಸಾಲು ಐದೇ ಇವೆ. ಅಂದರೆ ಒಂದೊಂದು ಮಹಡಿಗೆ 8 ಮೀಟರ್! ನಮ್ಮ ಮನೆಗಳಲ್ಲಿ ಮಹಡಿ ಸುಮಾರು 3 ಮೀಟರ್ ಇರುತ್ತದೆ. ನೋಡುವವರ ಕಣ್ಣು ಈ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ. ಐದು ಸಾಲು ಅಂದರೆ ಐದು ಮಹಡಿ, 15 ಮೀಟರ್. ಅಲ್ಲಿಗೆ ಇಡೀ ನೌಕೆ ಸುಮಾರು 110 ಮೀಟರಿಗೆ ಕುಗ್ಗಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೇ 109 ಮೀಟರ್ ಅಗಲ ಇದೆ. ನಿಮಗೆ ಬೇಕಾದದ್ದು ಅದರ ಮೂರು ಪಟ್ಟು ದೊಡ್ಡದು, ಅಲ್ವಾ?

ನನ್ನ ಮೊದಲ ನೌಕೆಯಲ್ಲೂ ಇದೇ ಆಗಿತ್ತು. ಈಗ ಯಾವ ಹೊಸ ಫೈಲ್ ತೆರೆದರೂ ಮೊದಲು ಎರಡು ಡಬ್ಬಿ ಇಡುತ್ತೇನೆ. 1.7 ಮೀಟರ್ ಎತ್ತರದ್ದು ಮನುಷ್ಯ. 12 ಮೀಟರ್ ಉದ್ದದ್ದು ಬಸ್ಸು, ಅದಕ್ಕೆ ನಮ್ಮ ಸರ್ಕಾರಿ ಬಸ್ಸಿನ ಕೆಂಪು ಬಣ್ಣ. ಆಮೇಲೆ ಆ ಮನುಷ್ಯನನ್ನು ನೌಕೆಯ ಮೇಲೆಲ್ಲ ಓಡಾಡಿಸುತ್ತೇನೆ. ಈ ಬಾಗಿಲಲ್ಲಿ ಇವನು ಹೋಗಬಹುದಾ? ಈ ಕಂಬಿ ಇವನ ಕೈಗೆ ಎಟುಕುತ್ತಾ? ಎಂಜಿನ್ ಕೆಟ್ಟರೆ ರಿಪೇರಿಗೆ ಎಲ್ಲಿ ನಿಲ್ಲುತ್ತಾನೆ? ಇದಕ್ಕೆಲ್ಲ ಉತ್ತರ ಸಿಕ್ಕಾಗ ಯಾವ ಭಾಗ ಎಲ್ಲಿರಬೇಕು ಅಂತ ತಾನಾಗಿ ಗೊತ್ತಾಗುತ್ತದೆ. ಸುಮ್ನೆ ಪೈಪು ಅಂಟಿಸುವ ಕೆಲಸ ಉಳಿಯುವುದಿಲ್ಲ.

ಇನ್ನೊಂದು, ನಿಮ್ಮ ಅಂಚುಗಳು. ಬೆವೆಲ್ (ಚೂಪು ಅಂಚನ್ನು ದುಂಡಗೆ ಸವರುವುದು) ಅರ್ಧ ಮೀಟರ್ ಕೊಟ್ಟಿರುವ ಹಾಗಿದೆ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕಿನ ಅಂಚು ಹಾಗೆ ದುಂಡಗಿರುತ್ತದೆ. ಇಷ್ಟು ದೊಡ್ಡ ನೌಕೆಗೆ ಕೆಲವೇ ಸೆಂಟಿಮೀಟರ್ ಸಾಕು, ಬೆಳಕು ಗೆರೆಯಾಗಿ ಹಿಡಿದರೆ ಆಯಿತು. ಬೆವೆಲ್ ಕೊಡುವ ಮುಂಚೆ ಕಂಟ್ರೋಲ್ ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ, ಅಂದರೆ ಎಳೆದು ಬದಲಿಸಿದ ಅಳತೆಯನ್ನೇ ಮೂಲ ಅಳತೆ ಮಾಡಿ. ನಾನು ಒಂದು ಡಬ್ಬಿಯನ್ನು ಉದ್ದಕ್ಕೆ ಎಳೆದು, ಇದನ್ನು ಮಾಡದೆ ಬಿಟ್ಟಿದ್ದೆ. ಒಂದು ಕಡೆ ಬೆವೆಲ್ ದಪ್ಪ, ಇನ್ನೊಂದು ಕಡೆ ಸಣ್ಣ. ಕಾರಣ ಹುಡುಕುವುದರಲ್ಲಿ ವಾರ ಕಳೆಯಿತು.

ಪೈಪು, ಡಬ್ಬಿಗಳನ್ನು ಎಲ್ಲ ಕಡೆ ಒಂದೇ ಸಮ ಹರಡಬೇಡಿ. 1977ರ ‘ಸ್ಟಾರ್ ವಾರ್ಸ್’ ನೌಕೆಗಳಿಗೆ ಕಲಾವಿದರು ಅಂಗಡಿಯಲ್ಲಿ ಸಿಗುವ ಟ್ಯಾಂಕು, ವಿಮಾನದ ಪ್ಲಾಸ್ಟಿಕ್ ಕಿಟ್‌ಗಳ ತುಂಡುಗಳನ್ನು ಅಂಟಿಸಿದ್ದರು. ಕಿಟ್‌ಬ್ಯಾಷ್ ಅಂತ ನಾವು ಈಗಲೂ ಹೇಳುವುದು ಅದನ್ನೇ. ಆ ಮಾದರಿಗಳ ಫೋಟೋ ಗಮನಿಸಿ: ಸಂದುಗಳಲ್ಲಿ ದಟ್ಟವಾಗಿ ತುಂಬಿದ್ದಾರೆ, ಪಕ್ಕದಲ್ಲೇ ಅಗಲವಾದ ಫಲಕಗಳನ್ನು ಖಾಲಿ ಬಿಟ್ಟಿದ್ದಾರೆ. ನಿಮ್ಮದರಲ್ಲಿ ಅರ್ಧ ತೆಗೆದುಬಿಡಿ. ಧೈರ್ಯವಾಗಿ ತೆಗೆಯಿರಿ.

ಹುಬ್ಬಳ್ಳಿಯಿಂದ

ಅಕ್ಕಾ, ನನ್ನದೂ 8 ಜಿಬಿನೇ ರೀ. ಒಂದೇ ತರದ ಭಾಗಗಳನ್ನು ಶಿಫ್ಟ್ ಡಿ ಒತ್ತಿ ನಕಲು ಮಾಡಬೇಡಿ, ಆಲ್ಟ್ ಡಿ ಒತ್ತಿ. ಆಗ ನೂರು ಪೈಪ್ ಇಟ್ಟರೂ ಆಕಾರದ ಮಾಹಿತಿ ಒಂದೇ ಪ್ರತಿ ಇರುತ್ತದೆ. ಒಂದನ್ನು ತಿದ್ದಿದರೆ ಎಲ್ಲವೂ ಬದಲಾಗುತ್ತವೆ. ಕಿಟಕಿ ಸಾಲಿಗೂ ಇದೇ ಮಾಡಿ. ಎಂಜಿನ್, ಮೂತಿ, ಸರಕಿನ ಭಾಗ ಬೇರೆ ಬೇರೆ ಕಲೆಕ್ಷನ್‌ನಲ್ಲಿಟ್ಟು (ಗುಂಪು ಮಾಡಿ), ಕೆಲಸ ಇಲ್ಲದ್ದನ್ನು ಮುಚ್ಚಿಡಿ. ರೆಂಡರ್ ಮಾಡಲು ಬ್ಲೆಂಡರಿನಲ್ಲಿ ಎರಡು ದಾರಿ: ದಿನದ ನೋಟಕ್ಕೆ ವೇಗದ ಈವೀ ಸಾಕು, ಕೊನೆಯ ಚಿತ್ರಕ್ಕೆ ಮಾತ್ರ ನಿಧಾನದ ಸೈಕಲ್ಸ್.

ಸಣ್ಣ ಯಂತ್ರ ಅಂತ ಬೇಜಾರಾಗಬೇಡಿ. 1993ರಲ್ಲಿ ಶುರುವಾದ ‘ಬ್ಯಾಬಿಲಾನ್ 5’ ಟಿವಿ ಧಾರಾವಾಹಿಯ ನೌಕೆಗಳನ್ನು ಮೊದಮೊದಲು ಅಮಿಗಾ ಅನ್ನೋ ಮನೆಬಳಕೆಯ ಕಂಪ್ಯೂಟರಿನಲ್ಲಿ, ಲೈಟ್‌ವೇವ್ ತಂತ್ರಾಂಶದಲ್ಲಿ ಮಾಡಿದ್ದು. ನಿಮ್ಮ ಲ್ಯಾಪ್‌ಟಾಪ್ ಅದಕ್ಕಿಂತ ಎಷ್ಟೋ ಪಾಲು ಗಟ್ಟಿ.

ಮತ್ತೆ, ದಿನಾ ಹೊಸ ನಂಬರ್ ಹಾಕಿ ಫೈಲ್ ಉಳಿಸಿ. ಕರೆಂಟ್ ಹೋಗಿ ನನ್ನ ಒಂದು ಫೈಲ್ ಹಾಳಾಗಿತ್ತು. ಪಕ್ಕದಲ್ಲಿ ಬ್ಲೆಂಡರ್ ತಾನೇ ಇಟ್ಟಿದ್ದ ‘ಬ್ಲೆಂಡ್1’ ಫೈಲ್ ತೆರೆದಿದ್ದಕ್ಕೆ ಹಿಂದಿನ ಪ್ರತಿ ಸಿಕ್ಕಿತು.

ಕುಂದಾಪುರದಿಂದ

ದೀಪ ಜಾಸ್ತಿ ಆಗಿದೆ. ನಾಲ್ಕು ಕಡೆಯಿಂದ ಬೆಳಕು ಬಿದ್ದರೆ ಅದು ಮೇಜಿನ ಮೇಲಿಟ್ಟ ವಸ್ತು. ಒಂದೇ ಸೂರ್ಯ ಇಡಿ, ನೆರಳು ಕಪ್ಪಾಗಲಿ. ಗ್ರಹ ಹತ್ತಿರ ಇದ್ದರೆ ಆ ಕಡೆಯಿಂದ ಮಂದವಾಗಿ ಸ್ವಲ್ಪ ಬಣ್ಣ. ಹಿಂದಿನ ಭಾಗ ಮಸುಕಾಗುವಂತೆ ಕ್ಯಾಮೆರಾ ಇಟ್ಟಿದ್ದೀರಿ, ಅದನ್ನೂ ತೆಗೆಯಿರಿ. ಅಂಥ ಮಸುಕು ಬರುವುದು ಸಣ್ಣ ವಸ್ತುವನ್ನು ಹತ್ತಿರದಿಂದ ತೆಗೆದಾಗ.

ಬೆಂಗಳೂರಿನಿಂದ

ಹಂಚಿಕೊಳ್ಳುವ ಬಗ್ಗೆ ನನ್ನ ಅನುಭವ. ನಾನು ಎರಡು ವರ್ಷ ಮುಚ್ಚಿಟ್ಟುಕೊಂಡೆ. ತೋರಿಸಿದ ದಿನವೇ ಒಬ್ಬರು ಒಂದು ತಪ್ಪು ಹೇಳಿದರು, ಅದು ಮೊದಲೇ ಗೊತ್ತಾಗಿದ್ದರೆ ಆರು ತಿಂಗಳು ಉಳಿಯುತ್ತಿತ್ತು. ಬಣ್ಣ ಹಚ್ಚುವ ಮುಂಚೆಯೇ, ಬೂದು ಬಣ್ಣದಲ್ಲೇ ತೋರಿಸಿ. ಆಗ ಜನ ಆಕಾರ ನೋಡುತ್ತಾರೆ.

ಮಾದರಿಯ ಫೈಲ್ ಕೊಡುವುದಾದರೆ ಪರವಾನಗಿ ಬರೆದೇ ಕೊಡಿ. ನಾನು ಏನೂ ಬರೆಯದೆ ಕೊಟ್ಟಿದ್ದ ಒಂದು ದೋಣಿನೌಕೆಯನ್ನು ಯಾರೋ ತಮ್ಮದೆಂದು ಮಾರಾಟಕ್ಕಿಟ್ಟರು. ತುಂಬ ನೋವಾಯಿತು. ಬೇರೆಯವರ ಭಾಗ ಬಳಸಿದ್ದರೆ ಅವರ ಷರತ್ತನ್ನೂ ಓದಿ. ಕ್ರಿಯೇಟಿವ್ ಕಾಮನ್ಸ್ (ಸಿಸಿ) ಅನ್ನೋ ಪರವಾನಗಿಗಳಲ್ಲಿ ಸಿಸಿ ಝೀರೋ ಆದರೆ ಕಟ್ಟುಪಾಡಿಲ್ಲ, ಸಿಸಿ ಬೈ ಆದರೆ ಹೆಸರು ಹೇಳಲೇಬೇಕು. ಹಾಗಂತ ಬಚ್ಚಿಡಬೇಡಿ. ನಾವು ಕಾಸಿಲ್ಲದೆ ಬಳಸುವ ಬ್ಲೆಂಡರ್ 2002ರಲ್ಲಿ ಮುಕ್ತವಾಗಿದ್ದೇ ಬಳಸುವವರೆಲ್ಲ ಸೇರಿ 1 ಲಕ್ಷ ಯೂರೋ ಕೂಡಿಸಿದ್ದರಿಂದ.

ಎಂಟು ತಿಂಗಳು ಒಂದೇ ಕೆಲಸ ಅಂದರೆ ಕೈ ದಣಿಯುತ್ತದೆ. ನಡುವೆ ಎರಡು ರಾತ್ರಿ ಬಿಡುವು ಮಾಡಿ ನಮ್ಮ ಆರ್ಯಭಟ ಮಾಡಿ. ಪೀಣ್ಯದಲ್ಲಿ ತಯಾರಾಗಿ 1975ರಲ್ಲಿ ಹಾರಿದ ಉಪಗ್ರಹ, ಸುಮಾರು 1.4 ಮೀಟರ್, 26 ಮುಖ. ಎಂಟು ಬದಿಯ ಸಿಲಿಂಡರ್ ಇಟ್ಟು ಮೇಲೆ ಕೆಳಗೆ ಅಂಚು ಸವರಿ. ನಡುವೆ 8, ಮೇಲಿನ ಇಳಿಜಾರು 8, ಕೆಳಗಿನದು 8, ನೆತ್ತಿ ಮತ್ತು ತಳ ಸೇರಿ 2. ಆ ಎರಡನ್ನು ಬಿಟ್ಟು ಉಳಿದದ್ದಕ್ಕೆಲ್ಲ ಸೌರಕೋಶ. ಒಂದು ಕೆಲಸ ಪೂರ್ತಿ ಮುಗಿಸಿದ ಖುಷಿ ಸಿಗುತ್ತದೆ.

ಕೇಳಿದವರು, ದಾವಣಗೆರೆ

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಕಿಟಕಿ ಸಾಲು ಹದಿಮೂರು ಮಾಡಿದೆ, ಸೂರ್ಯ ಒಂದೇ ಇಟ್ಟೆ. ಹೊಸ ಚಿತ್ರ ಹಾಕಿದ್ದೇನೆ, ನೋಡಿ. ಕೆಂಪು ಬಸ್ಸನ್ನೂ ತಂದು ನಿಲ್ಲಿಸಿದೆ. ಸರಕಿನ ಬಾಗಿಲಿನೊಳಗೆ ಅದು ಹಿಡಿಸಲಿಲ್ಲ. ಇವತ್ತು ಊಟ ಆದ ಮೇಲೆ ಬಾಗಿಲಿನ ಕೆಲಸ.